ನಾಲ್ಕು ವೋಲ್ಟ್ ನುಂಗಿದ ಜಾಯಿಂಟ್

ಮೂರು ಬೇಸಿಗೆ ಕಳೀತು. ಮಂಡ್ಯ ಹತ್ರ ಕೆರಗೋಡು ಕಡೆ ನಾನು ರಿಪೇರಿ ಮಾಡಿದ ಒಂದು ಮನೆಯ ಎಸಿ ಒಂದು ಸಲವೂ ಆ ಹಳೇ ಎರರ್ ಕೋಡ್ ತೋರಿಸಿಲ್ಲ. ಅವತ್ತು ಗುತ್ತಲು ರಸ್ತೆ ಟೀ ಅಂಗಡಿ ಮುಂದೆ ನಿಂತು ‘ವೈರ್ ಬದಲಾಯಿಸಿದ್ರೆ ಬೋರ್ಡ್ ರಿಪೇರಿ ಆಯ್ತದೇನ್ಲಾ?’ ಅಂತ ನಕ್ಕಿದ್ದ ಮೆಕ್ಯಾನಿಕ್‌ಗಳಲ್ಲಿ ಇಬ್ಬರು ಈಗ ಫೋನ್ ಮಾಡಿ ‘ಅದೇನೋ ಉದ್ದನೆ ವೈರ್ ಇಟ್ಟು ನೋಡ್ದೆ ಅಂದ್ರಲ್ಲ, ಹೆಂಗೆ ಗುರು ಅದು?’ ಅಂತ ಕೇಳ್ತಾರೆ. ಫೋನಲ್ಲಿ ಹೇಳಿ ಹೇಳಿ ಬಾಯಿ ನೋವು ಬಂತು, ಅದಕ್ಕೆ ಬರೀತಾ ಇದ್ದೀನಿ. ಮಲ್ಟಿಮೀಟರ್ ಹಿಡಿಯೋದು ಗೊತ್ತಿರೋರಿಗೆ ಮಾತ್ರ ಇದು. ಫೇಸ್ ಯಾವುದು, ನ್ಯೂಟ್ರಲ್ ಯಾವುದು ಅಂತ ಇಲ್ಲಿ ಪಾಠ ಮಾಡಲ್ಲ.

ಮನೆ ಯಜಮಾನರದ್ದು ಕಬ್ಬು, ಜೊತೆಗೆ ಒಂದು ಆಲೆಮನೆ. ಮಗನ ಮದುವೆಗೆ ಮೇಲೊಂದು ರೂಮು ಕಟ್ಟಿಸಿ ಒಂದೂವರೆ ಟನ್ ಇನ್ವರ್ಟರ್ ಎಸಿ ಹಾಕಿಸಿದ್ದರು. ರೂಮೊಳಗಿನ ಇಂಡೋರ್ ಯೂನಿಟ್‌ಗೆ ಕರೆಂಟು, ಅಲ್ಲಿಂದ ಹೊರಗೆ ಕಂಪ್ರೆಸರ್ ಇರೋ ಔಟ್‌ಡೋರ್‌ಗೆ ನಾಲ್ಕು ಎಳೆ: ಫೇಸು, ನ್ಯೂಟ್ರಲ್ಲು, ಸಿಗ್ನಲ್ಲು, ಅರ್ತು. ನಾನು ಹೋಗೋ ಹೊತ್ತಿಗೆ ಔಟ್‌ಡೋರ್ ಬೋರ್ಡ್ ಎರಡು ಸಲ ಬದಲಾಗಿತ್ತು, ಸಲಕ್ಕೆ ಎಂಟು ಸಾವಿರದ ಹತ್ತಿರ. ಐದು ಸಾವಿರದ ಸ್ಟೆಬಿಲೈಸರ್ ಬೇರೆ ಬಂದಿತ್ತು. ಹಗಲು ಚೆನ್ನಾಗೇ ಓಡೋದು. ರಾತ್ರಿ ಹಾಕಿ ಹದಿನೈದು ಇಪ್ಪತ್ತು ನಿಮಿಷಕ್ಕೆ ಔಟ್‌ಡೋರ್ ನಿಂತು, ಇಂಡೋರ್ ಬರೀ ಗಾಳಿ ಊದಿಕೊಂಡು ಲೈಟ್ ಮಿನುಗಿಸೋದು. ಕಮ್ಯುನಿಕೇಷನ್ ಎರರ್, ಅಂದ್ರೆ ಇಂಡೋರ್‌ಗೂ ಔಟ್‌ಡೋರ್‌ಗೂ ಸಿಗ್ನಲ್ ಎಳೆಯಲ್ಲಿ ನಡೆಯೋ ಮಾತು ನಿಂತಿದೆ ಅನ್ನೋ ಕೋಡ್. ‘ಹಗಲೊತ್ತು ಸೊಸೆ ಇದ್ದಂಗಿರ್ತದೆ, ರಾತ್ರಿ ಆದೇಟ್ಗೆ ಅತ್ತೆ ಆಯ್ತದೆ ಕಣಪ್ಪ’ ಅಂದ್ರು ಯಜಮಾನ್ರು. ಸೊಸೆ ಅಲ್ಲೇ ಕಾಫಿ ಹಿಡಿದು ನಿಂತಿದ್ದಳು, ಅತ್ತೇನೂ ಇದ್ದರು. ಯಾರೂ ನಗಲಿಲ್ಲ.

ಎಲ್ಲರೂ ಹೇಳಿದ್ದು ಒಂದೇ, ಲೋ ವೋಲ್ಟೇಜ್. ಟಿಸಿ (ಟ್ರಾನ್ಸ್‌ಫಾರ್ಮರ್) ದೂರ, ನಾಲೇಲಿ ನೀರಿಲ್ಲದ ದಿನ ರಾತ್ರಿ ಸುತ್ತಮುತ್ತಲ ಪಂಪ್‌ಸೆಟ್ಟೆಲ್ಲ ಒಟ್ಟಿಗೆ ಓಡ್ತವೆ, ಆಗ ಮೀಟರಲ್ಲಿ ನೂರೆಪ್ಪತ್ತು, ನೂರೆಪ್ಪತ್ತೈದು ವೋಲ್ಟ್ ತೋರಿಸೋದು. ನಾನೂ ಅದನ್ನೇ ನಂಬಿದೆ. ಮೊದಲ ದಿನವೇ ಜಾಣನಾದೆ ಅಂತ ಸುಳ್ಳು ಹೇಳಲ್ಲ.

ಮೊದಲು ಕೈ ಹಾಕಿದ್ದು ಅರ್ತ್‌ಗೆ. ಸಾಕೆಟ್‌ನಲ್ಲಿ ನ್ಯೂಟ್ರಲ್‌ಗೂ ಅರ್ತ್‌ಗೂ ಮಧ್ಯೆ ಇಟ್ಟು ನೋಡಿದ್ರೆ ಸೊನ್ನೆ. ಹಳ್ಳಿ ಮನೇಲಿ, ಅದೂ ಮೇಲಿನ ರೂಮಲ್ಲಿ, ಸೊನ್ನೆ ಅಂದ್ರೆ ಖುಷಿಪಡೋ ವಿಷಯ ಅಲ್ಲ. ಪ್ಲೇಟ್ ಬಿಚ್ಚಿದೆ. ನ್ಯೂಟ್ರಲ್‌ನಿಂದ ಅರ್ತ್ ಪಿನ್‌ಗೆ ಗೇಣಿಗಿಂತ ಚಿಕ್ಕ ತುಂಡು ವೈರ್ ಹಾಕಿ ಲೂಪ್ ಮಾಡಿದ್ದಾರೆ! ಟೆಸ್ಟ್ ಲ್ಯಾಂಪ್ ಉರಿಯುತ್ತೆ, ಮನೆಯವರು ಒಪ್ಪಿಕೊಳ್ತಾರೆ, ದುಡ್ಡು ಇಸ್ಕೊಂಡು ಹೋಗೋದು. ಹೊರಗೆ ನ್ಯೂಟ್ರಲ್ ಕಿತ್ತುಹೋದ ದಿನ ಎಸಿ ಬಾಡಿ ಪೂರ್ತಿ ಫೇಸ್ ಆಗುತ್ತೆ ಅನ್ನೋದು ಆ ಪುಣ್ಯಾತ್ಮನಿಗೆ ಹೊಳೆದಿಲ್ಲ. ಆ ತುಂಡು ಕಿತ್ತು, ಬಚ್ಚಲು ನೀರು ಹೋಗೋ ಬಾಳೆಗಿಡದ ಪಕ್ಕ ಗುಂಡಿ ತೋಡಿಸಿ ಪೈಪು, ಇದ್ದಿಲು, ಉಪ್ಪು ಹಾಕಿ ಹೊಸ ಅರ್ತ್ ಮಾಡಿದೆ. ಬಾಳೆ ಬುಡ ಯಾವಾಗಲೂ ತೇವ, ಜಾಗ ಹುಡುಕೋ ಕಷ್ಟ ಇಲ್ಲ. ಕೂಲಿ ಸೇರಿ ಮೂರೂವರೆ ಸಾವಿರ.

ಅವತ್ತು ರಾತ್ರಿ ಎಸಿ ಹದಿನೆಂಟನೇ ನಿಮಿಷಕ್ಕೆ ನಿಂತಿತು.

ನ್ಯೂಟ್ರಲ್–ಅರ್ತ್ ಮಧ್ಯೆ ಎಂಟೊಂಬತ್ತು ವೋಲ್ಟ್ ಬೇರೆ ಕಾಣೋಕೆ ಶುರುವಾಯ್ತು. ಅದು ಕಂಬದಿಂದ ಬರೋ ನ್ಯೂಟ್ರಲ್‌ನ ಡ್ರಾಪ್, ಅಂದ್ರೆ ವೈರ್ ದಾರೀಲೇ ಕಳೆಯೋ ವೋಲ್ಟೇಜು, ನಾವು ಮನೆ ಹಿಂದೆ ಎಷ್ಟು ಗುಂಡಿ ತೋಡಿದ್ರೂ ಹೋಗಲ್ಲ. ಅರ್ತ್ ಬೇಕೇ ಬೇಕು, ಆದ್ರೆ ಈ ಕಾಯಿಲೆಗೆ ಅದು ಮದ್ದಲ್ಲ. ಅರ್ಧ ದುಡ್ಡು ನಾನೇ ಹಾಕಿಕೊಂಡೆ.

ಎರಡನೇ ತಪ್ಪು ಇನ್ನೂ ನಾಚಿಕೆಯದ್ದು. ಸಿಗ್ನಲ್ ಎಳೇನೇ ಹೋಗಿರಬೇಕು ಅಂತ ಕಿಟಕಿಯಿಂದ ಹೊರಗೆ ಹೊಸ ವೈರ್ ಎಳೆದು ಸಿಗ್ನಲ್ ಟರ್ಮಿನಲ್ ಒಂದಕ್ಕೇ ಕೊಟ್ಟೆ. ರಾತ್ರಿ ಮತ್ತೆ ಅದೇ ಕೋಡ್. ‘ಸರಿ, ವೈರ್ ತಪ್ಪಿಲ್ಲ’ ಅಂತ ತೀರ್ಮಾನ ಮಾಡಿ, ಮೂರನೇ ಬೋರ್ಡ್‌ಗೆ ರೇಟ್ ಕೂಡ ಕೇಳಿಬಿಟ್ಟೆ. ಮಂಡ್ಯಕ್ಕೆ ವಾಪಸ್ ಬರುವಾಗ ಬೈಕಲ್ಲಿ ಹೊಳೀತು. ಸಿಗ್ನಲ್ ಒಂಟಿಯಾಗಿ ಹೋಗಲ್ಲವಲ್ಲ, ಅದು ನ್ಯೂಟ್ರಲ್ ಆಸರೆಯಲ್ಲಿ ನಡೆಯೋದು. ಅದೇ ನ್ಯೂಟ್ರಲ್ ಮೇಲೆ ಕಂಪ್ರೆಸರ್‌ನ ಪೂರ್ತಿ ಆಂಪಿಯರೂ ಹರೀತಿರುತ್ತೆ. ನಾನು ಸಿಗ್ನಲ್ ಬದಲಾಯಿಸಿದೆ, ನ್ಯೂಟ್ರಲ್ ಮುಟ್ಟಲೇ ಇಲ್ಲ.

ಮಾರನೇ ರಾತ್ರಿ ಹತ್ತು ಗಂಟೆಗೆ ಮೀಟರ್ ತಗೊಂಡು ಹೋದೆ. ಮಾಡಿದ್ದು ಇಷ್ಟೇ. ಹದಿನೈದು ಮೀಟರ್ ಒಂಟಿ ವೈರ್ ತಗೊಂಡು ಒಂದು ತುದಿ ಔಟ್‌ಡೋರ್‌ನ ನ್ಯೂಟ್ರಲ್ ಟರ್ಮಿನಲ್‌ಗೆ ಕಟ್ಟಿದೆ, ಇನ್ನೊಂದು ತುದಿಯನ್ನ ಕಿಟಕಿಯಿಂದ ಒಳಗೆ ತಂದು ಮೀಟರಿನ ಒಂದು ಕಾಲಿಗೆ ಕೊಟ್ಟೆ. ಇನ್ನೊಂದು ಕಾಲು ಇಂಡೋರ್‌ನ ನ್ಯೂಟ್ರಲ್ ಮೇಲೆ. ಮೀಟರ್ ಎಸಿ (ಆಲ್ಟರ್ನೇಟಿಂಗ್ ಕರೆಂಟ್) ವೋಲ್ಟ್‌ನಲ್ಲಿ. ಕಟ್ಟೋದೆಲ್ಲ ಮೈನ್ ಆಫ್ ಮಾಡಿ, ಆಮೇಲೆ ಆನ್ ಮಾಡಿ ನೋಡೋದು. ಫೇಸ್ ಟರ್ಮಿನಲ್ ಅರ್ಧ ಇಂಚು ದೂರದಲ್ಲೇ ಇರುತ್ತೆ, ಹುಷಾರು. ಜೊತೆಗೆ ಆಂಪಿಯರ್ ನೋಡೋಕೆ ಫೇಸ್ ಎಳೆಗೆ ಕ್ಲಾಂಪ್ ಮೀಟರ್.

ಮೊದಲು ಹಾಕಿದ್ದ ಕೇಬಲ್ 1.5 (ಚದರ ಮಿ.ಮೀ. ದಪ್ಪ), ಉದ್ದ ಹನ್ನೆರಡು ಮೀಟರ್ ಇರಬಹುದು. ಆ ತಾಮ್ರ ಕಿಲೋಮೀಟರಿಗೆ ಹನ್ನೆರಡು ಓಮ್ ಲೆಕ್ಕ, ಏಳು ಆಂಪಿಯರ್‌ಗೆ ಹೆಚ್ಚೂ ಕಮ್ಮಿ ಒಂದು ವೋಲ್ಟ್ ಡ್ರಾಪ್ ಇರಬೇಕು. ಶುರುವಿನಲ್ಲಿ ಒಂದೂವರೆ ತೋರಿಸಿತು. ಐದು ನಿಮಿಷಕ್ಕೆ ಎರಡು ದಾಟಿತು. ಕ್ಲಾಂಪ್‌ನಲ್ಲಿ ಏಳು, ಏಳೂವರೆ. ಹತ್ತು ನಿಮಿಷಕ್ಕೆ ಮೂರು. ಯಜಮಾನರ ಮಗ ಮೊಬೈಲ್ ಟಾರ್ಚ್ ಹಿಡಿದು ಮೀಟರನ್ನೇ ನೋಡ್ತಾ ‘ಏರ್ತಾ ಅದೆ ಕಣಣ್ಣೋ’ ಅಂತಿದ್ದ. ನಾಲ್ಕು ದಾಟಿ ಎರಡು ಸಲ ಜಿಗಿದಾಡಿತು, ಸಿಗ್ನಲ್‌ನ ಆಸರೆಯೇ ಅಲುಗಾಡಿ ಔಟ್‌ಡೋರ್ ಠಪ್ ಅಂತ ನಿಂತಿತು. ಕೇಬಲ್‌ಗೆ ಅಷ್ಟು ಬೇಗ ವಯಸ್ಸಾಗಲ್ಲ. ದಾರೀಲಿ ಎಲ್ಲೋ ಜಾಯಿಂಟ್ ಬಿಸಿಯಾಗ್ತಾ ಇದೆ, ಕಾದಷ್ಟೂ ತಡೆ ಜಾಸ್ತಿ, ತಡೆ ಜಾಸ್ತಿಯಾದಷ್ಟೂ ಮತ್ತೆ ಕಾಯುತ್ತೆ.

ರಾತ್ರೀನೇ ಯಾಕೆ ಅನ್ನೋದೂ ಆಗ ಅರ್ಥ ಆಯ್ತು. ಇನ್ವರ್ಟರ್ ಎಸಿಗೆ ವೋಲ್ಟೇಜ್ ಕಮ್ಮಿ ಆದ್ರೆ ಅದು ಆಂಪಿಯರ್ ಜಾಸ್ತಿ ಎಳೆದು ಕೆಲಸ ಮುಗಿಸುತ್ತೆ. ಆಂಪಿಯರ್ ಏರಿದ ರಾತ್ರಿ ಜಾಯಿಂಟ್ ಬಿಸಿ. ಅದಕ್ಕೇ ಸ್ಟೆಬಿಲೈಸರ್ ಹಾಕಿದ ಮೇಲೆ ಹತ್ತು ನಿಮಿಷದಿಂದ ಇಪ್ಪತ್ತು ನಿಮಿಷಕ್ಕೆ ಹೋಯ್ತೇ ಹೊರತು ವಾಸಿ ಆಗಲಿಲ್ಲ. ಎಲ್ಲರೂ ಹೇಳಿದ ಲೋ ವೋಲ್ಟೇಜ್ ಪೂರ್ತಿ ಸುಳ್ಳಲ್ಲ, ಅದು ಬೆಂಕಿಗೆ ಸೌದೆ ಹಾಕ್ತಿತ್ತು.

ಆಗ ಮಗ ನೆನಪು ಮಾಡಿಕೊಂಡ. ಫಾಲ್ಸ್ ಸೀಲಿಂಗ್ ಮಾಡೋ ಹುಡುಗರು ಇಂಡೋರನ್ನ ಮೂರಡಿ ಪಕ್ಕಕ್ಕೆ ಸರಿಸಿದ್ದರಂತೆ. ಕೇಬಲ್ ಸಾಲದೆ ತುಂಡು ಸೇರಿಸಿದ್ದಾರೆ, ಬರೀ ತಿರುಚಿ ಪಿವಿಸಿ ಟೇಪು. ಸೀಲಿಂಗ್ ಪೂರ್ತಿ ಒಡೆಯದೆ ಒಂದೇ ಅಂಗೈಯಗಲ ಕೊಯ್ದು ಆ ಜಾಯಿಂಟ್ ಹೊರಗೆ ತೆಗೆದೆ. ಜಾಗ ಹೇಗೆ ಗುರುತು ಹಿಡಿದೆ ಅಂತ ಕೇಳಬೇಡಿ, ಅದೊಂದನ್ನ ಹೇಳಲ್ಲ. ನನಗೂ ಹೊಟ್ಟೆಪಾಡು ಇದೆ. ಟೇಪು ಕರಗಿ ಬೆಲ್ಲದ ಪಾಕದ ಹಾಗೆ ಇಳಿದಿತ್ತು. ನ್ಯೂಟ್ರಲ್ ಎಳೆಗಳಲ್ಲಿ ಅರ್ಧ ಕಪ್ಪು, ಮಿಕ್ಕಿದ್ದು ಹಸಿರು, ಒಳಗೆ ಸತ್ತ ಗೊದ್ದ. ಆ ತುಂಡು ಇವತ್ತೂ ನನ್ನ ಟೂಲ್ ಬ್ಯಾಗಲ್ಲಿದೆ. ‘ಬೋರ್ಡ್ ಹೋಗಿದೆ’ ಅಂತ ಯಾರಾದರೂ ಜೋರು ಮಾಡಿದ್ರೆ ತೆಗೆದು ಟೇಬಲ್ ಮೇಲೆ ಇಡ್ತೀನಿ.

ಹೊಸದಾಗಿ 2.5ರ ನಾಲ್ಕು ಎಳೆ ಕೇಬಲ್, ಟರ್ಮಿನಲ್‌ನಿಂದ ಟರ್ಮಿನಲ್‌ಗೆ ಒಂದೇ ತುಂಡು. ಮೈಸೂರು ಸಂತೇಪೇಟೆಯಿಂದ ತಂದೆ, ಮೀಟರಿಗೆ ಇನ್ನೂರರ ಆಸುಪಾಸು. ತುದಿಗೆಲ್ಲ ಲೋಹದ ಲಗ್ ಹಾಕಿ ಒತ್ತಿ ಕ್ರಿಂಪ್ ಮಾಡಿದೆ, ಬರೀ ಎಳೆ ತಿರುಚಿ ಸ್ಕ್ರೂ ಕೆಳಗೆ ತುರುಕೋದು ನನಗೆ ಆಗಲ್ಲ. ಪೈಪಿನ ಜೊತೆ ಕಟ್ಟುವಾಗ ಕೇಬಲ್ ಮೇಲೆ, ಡ್ರೈನ್ ಕೆಳಗೆ. ಔಟ್‌ಡೋರ್ ಹತ್ರ ಕೇಬಲನ್ನ ಜೋಲು ಬಿಟ್ಟು ಆಮೇಲೆ ಮೇಲಕ್ಕೆ ತಗೊಂಡ್ರೆ ಮಳೆ ನೀರು ಟರ್ಮಿನಲ್‌ಗೆ ಇಳಿಯಲ್ಲ. ಇರುವೆ ಬರದಂತೆ ಟರ್ಮಿನಲ್ ಸುತ್ತ ಒಂದು ಸವರ್ತೀನಿ, ಅದೂ ಗುಟ್ಟು. ಮೇನ್ ಬೋರ್ಡಿನಿಂದ ಎಸಿಗೆ ಅಂತಲೇ 4ರ ವೈರ್ ಬೇರೆ ಎಳೆದು, ಕಪ್ಪಾಗಿದ್ದ ಪ್ಲಗ್ ಟಾಪ್ ಕಿತ್ತು ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯೋ ಇಪ್ಪತ್ತು ಆಂಪಿಯರ್ ಡಬಲ್ ಪೋಲ್ ಎಂಸಿಬಿ ಕೂರಿಸಿದೆ. ಹದಿನೈದು ದಿನ ಬಿಟ್ಟು ಹೋಗಿ ಎಲ್ಲ ಸ್ಕ್ರೂ ಇನ್ನೊಂದು ಸಲ ಬಿಗಿ ಮಾಡಿದೆ, ಎರಡು ಸ್ಕ್ರೂ ತಲಾ ಕಾಲು ಸುತ್ತು ತಿರುಗಿದವು. ಅದೇ ಉದ್ದನೆ ವೈರ್ ಟೆಸ್ಟ್ ಮತ್ತೆ ಮಾಡಿದ್ರೆ ಮುಕ್ಕಾಲು ವೋಲ್ಟ್ ಒಳಗೆ, ಒಂದು ಗಂಟೆ ಆದ್ರೂ ಅಲುಗಲಿಲ್ಲ. ಸ್ಟೆಬಿಲೈಸರ್ ತೆಗೆದು ನೂರೆಪ್ಪತ್ತರಲ್ಲೂ ಓಡಿಸಿ ತೋರಿಸಿದೆ. ಅದು ಈಗ ಫ್ರಿಜ್ಜಿಗೆ ಹೋಗಿದೆ.

ಎಲ್ಲ ಎಸಿಗೂ ಈ ಲೆಕ್ಕ ಹೊಂದಲ್ಲ. ಔಟ್‌ಡೋರ್‌ಗೇ ನೇರ ಕರೆಂಟ್ ಕೊಟ್ಟು ಅಲ್ಲಿಂದ ಇಂಡೋರ್‌ಗೆ ತರೋ ಮಾಡೆಲ್‌ನಲ್ಲಿ ಮಧ್ಯದ ನ್ಯೂಟ್ರಲ್ ಮೇಲೆ ಫ್ಯಾನಿನ ಲೋಡ್ ಅಷ್ಟೇ, ಡ್ರಾಪ್ ಕಾಣಲ್ಲ. ಸಿಗ್ನಲ್‌ಗೆ ಬೇರೆ ಜೋಡಿ ವೈರ್ ಇರೋದೂ ಇವೆ. ಡಯಾಗ್ರಾಮ್ ಕವರ್ ಒಳಗಡೆಯೇ ಅಂಟಿಸಿರ್ತಾರೆ, ಓದಿ.

ಬೋರ್ಡ್ ಹೋಗೋದೇ ಇಲ್ಲ ಅಂತಲೂ ಅಲ್ಲ, ನಾನೇ ಕಳೆದಿದ್ದೀನಿ. ಮೈಸೂರು ಕುವೆಂಪುನಗರದ ಒಂದು ಮನೇಲಿ ಇಂಡೋರ್ ಫ್ಯಾನ್ ತಿರುಗ್ತಿಲ್ಲ ಅಂತ ಕರೆಂಟ್ ಇರುವಾಗಲೇ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ) ಮೋಟಾರಿನ ಐದು ವೈರ್ ಕನೆಕ್ಟರ್ ಎಳೆದೆ. ಅದರಲ್ಲಿ ಮುನ್ನೂರು ಚಿಲ್ಲರೆ ಡಿಸಿ ವೋಲ್ಟ್ ಇರುತ್ತೆ. ಚಟ್ ಅಂತು, ಮೋಟಾರೂ ಹೋಯ್ತು, ಬೋರ್ಡೂ ಹೋಯ್ತು. ಒಂಬತ್ತು ಸಾವಿರ ಕೈಯಿಂದ. ಈಗ ಆಫ್ ಮಾಡಿ, ಬೋರ್ಡ್ ಮೇಲಿನ ಕೆಂಪು ಲೈಟ್ ಸತ್ತು, ಮೀಟರಲ್ಲಿ ನೋಡಿದ ಮೇಲೇ ಕನೆಕ್ಟರ್ ಮುಟ್ಟೋದು. ಇನ್ನೊಂದು ಕಡೆ ಯಾರೋ ಸಿಗ್ನಲ್ ಟರ್ಮಿನಲ್‌ಗೆ ಫೇಸ್ ಕೊಟ್ಟಿದ್ದರು. ಏಳು ಸಾವಿರದ ಬೋರ್ಡ್ ಹಾಕಬೇಕು ಅಂದಿದ್ದರಂತೆ. ಸಿಗ್ನಲ್ಲನ್ನ ಬೆಳಕಲ್ಲಿ ದಾಟಿಸೋ ಒಂದು ಆಪ್ಟೊಕಪ್ಲರ್, ಒಂದು ರೆಸಿಸ್ಟರ್, ಬೆಂಗಳೂರು ಎಸ್‌ಪಿ ರೋಡ್ ಮಾಲು, ಐವತ್ತು ರೂಪಾಯಿ ಒಳಗೆ ಎಬ್ಬಿಸಿದೆ. ಹದಿನೈದು ನೂರು ತಗೊಂಡೆ, ತಪ್ಪೇನಿಲ್ಲ.

ಕೆರಗೋಡಿನ ಮನೇಲೇ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಸೀಲಿಂಗ್ ಹತ್ರ ಬಿಸಿ ಗಾಳಿ ನಿಲ್ಲೋದ್ರಿಂದ ರೂಮ್ ಸೆನ್ಸರ್ ಮೋಸ ಹೋಗ್ತಿತ್ತು, ಇಪ್ಪತ್ನಾಲ್ಕು ಇಟ್ಟರೂ ಸೊಸೆ ಎರಡು ಕಂಬಳಿ ಹೊದೀತಿದ್ದಳು. ಸೆನ್ಸರ್ ವೈರನ್ನ ಎರಡು ಮೀಟರ್ ಉದ್ದ ಮಾಡಿ ಮಂಚದ ಎತ್ತರಕ್ಕೆ ಇಳಿಸಿದೆ. ಕಂಬಳಿ ಒಂದಕ್ಕೆ ಬಂತು. ಒಂದು ತಿಂಗಳಿಗೆ ಫೋನು, ‘ಮತ್ತೆ ಲೈಟ್ ಮಿಣುಕ್ತದೆ ಕಣಪ್ಪ.’ ಎದೆ ಝಲ್ಲಂತು. ಹೋಗಿ ನೋಡಿದ್ರೆ ಇಲಿ ವೈರ್ ಕಡಿದು ಸೆನ್ಸರ್ ಓಪನ್ ಆಗಿತ್ತು, ಕೋಡೇ ಬೇರೆ. ಸೆನ್ಸರನ್ನ ವಾಪಸ್ ಮೇಲಕ್ಕೇ ಹಾಕಿ ಕೈಮುಗಿದು ಬಂದೆ.

ಒಟ್ಟು ಬಿಲ್ಲು ಆರು ಸಾವಿರದ ಎಂಟುನೂರೋ ಏನೋ ಆಗಿತ್ತು. ಆರು ಸಾವಿರ ಆವತ್ತೇ ಎಣಿಸಿದ್ರು. ‘ಮಿಕ್ಕಿದ್ದು ಆಲೆ ಸುರುವಾಗ್ಲಿ, ಕೊಡ್ತೀನಿ’ ಅಂದ್ರು. ಅಲ್ಲಿಂದ ಮೂರು ಸಲ ಆಲೆ ಆಡಿದೆ. ಪ್ರತಿ ಸಲವೂ ಐದೈದು ಕೆಜಿ ಬೆಲ್ಲ ಮನೆಗೆ ಬಂದಿದೆ, ಎಂಟುನೂರು ಮಾತ್ರ ಇನ್ನೂ ಬಂದಿಲ್ಲ.