ಮಾಳಮಡ್ಡಿಯ ಮನೆಯಲ್ಲಿ ನಾಲ್ಕು ಓರೆ ಮೂಲೆಗಳು

ಧಾರವಾಡದ ಮಾಳಮಡ್ಡಿಯ ಹಳೆಯ ಮನೆಯೊಂದರ ಪಡಸಾಲೆಯಲ್ಲಿ, ಕಿಟಕಿಗಳ ಕೆಳಗೆ ಗೋಡೆಯುದ್ದಕ್ಕೂ ಸಾಗವಾನಿಯ ಅಲಂಕಾರದ ಪಟ್ಟಿ ಕೂಡಿಸುವ ಕೆಲಸ ಬಂದಾಗ ನಾನು ಬಡಿಗತನಕ್ಕೆ ಬಿದ್ದು ಹನ್ನೆರಡು ವರ್ಷಗಳಾಗಿದ್ದವು. ಆದರೆ ಅಲ್ಲಿಯವರೆಗೆ ನಾನು ಕೂಡಿಸಿದ್ದ ಮೂಲೆಗಳೆಲ್ಲ ಹೆಚ್ಚುಕಡಿಮೆ ಲಂಬಕೋನದವೇ. ಈ ಪಡಸಾಲೆಯ ರಸ್ತೆ ಬದಿಯ ಗೋಡೆಯ ನಡುಭಾಗ ಅಷ್ಟಭುಜದ ಮೂರು ಬದಿಗಳಂತೆ ಮೂರು ಮುಖವಾಗಿ ಹೊರಗೆ ಚಾಚಿಕೊಂಡಿತ್ತು. ಒಳಗೆ ನಿಂತು ನೋಡಿದರೆ ಒಳಕ್ಕೆ ತಗ್ಗಿದ ಎರಡು ಒಳಮೂಲೆ, ಕೋಣೆಯ ಕಡೆಗೆ ಚಾಚಿದ ಎರಡು ಹೊರಮೂಲೆ. ಪಟ್ಟಿಯ ಅಗಲ ಎರಡೂವರೆ ಇಂಚು, ದಪ್ಪ ಮುಕ್ಕಾಲು ಇಂಚು. ಬಣ್ಣ ಹಚ್ಚುವುದಾಗಿದ್ದರೆ ಸಂದಿಗೆ ಪುಟ್ಟಿ ತುಂಬಬಹುದಿತ್ತು. ಇಲ್ಲಿ ಪಾಲಿಶ್ ಮಾಡಬೇಕಾಗಿದ್ದುದರಿಂದ ಆ ದಾರಿ ಇರಲಿಲ್ಲ.

ಮನೆಯ ಯಜಮಾನರು ನಿವೃತ್ತ ಗಣಿತ ಮಾಸ್ತರರು. ನಾನು ಅಳತೆ ತೆಗೆಯಲು ಕುಳಿತಾಗ, “ಅಷ್ಟಭುಜದ ಮೂಲಿ 135 ಡಿಗ್ರಿನ ಇರತದಪಾ, ಅದನ್ನೇನ ಅಳೀತಿ?” ಎಂದರು. ಮಾತು ಸರಿಯೆನ್ನಿಸಿತು. ಮೈಟರ್ ಗರಗಸದಲ್ಲಿ, ಅಂದರೆ ಬೇಕಾದ ಕೋನಕ್ಕೆ ತಿರುಗಿಸಿ ಓರೆ ಕೊಯ್ಯುವ ಗರಗಸದಲ್ಲಿ, ನೇರ ಅಡ್ಡಗೊಯ್ತವೇ ಸೊನ್ನೆ. 135ರ ಅರ್ಧ 67.5, ಅದನ್ನು 90ರಿಂದ ಕಳೆದರೆ 22.5. ಗರಗಸವನ್ನು ಅಲ್ಲಿಗೆ ತಿರುಗಿಸಿ ಎರಡು ಪಟ್ಟಿ ಕೊಯ್ದು ಎಡಗಡೆಯ ಒಳಮೂಲೆಗೆ ಹಿಡಿದಾಗ, ಹಿಂಬದಿಗಳು ಗೋಡೆಯ ಹತ್ತಿರ ಕೂಡಿಕೊಂಡರೂ ಮುಂಬದಿ ಸುಮಾರು ಒಂದು ಮಿಲಿಮೀಟರ್ ಬಾಯಿ ಬಿಟ್ಟಿತ್ತು. ಅರ್ಧ ಸೂತಿಗೂ, ಅಂದರೆ ಇಂಚಿನ ಹದಿನಾರನೆಯ ಒಂದು ಭಾಗಕ್ಕೂ, ಕಡಿಮೆ ನಿಜ, ಆದರೆ ಕಿಟಕಿಯ ಬೆಳಕಿನಲ್ಲಿ ಅದು ಕಪ್ಪು ಗೆರೆಯಾಗಿ ಬಾಗಿಲಿನಿಂದಲೇ ಕಾಣುತ್ತಿತ್ತು.

ಬಳಿಕ ಬೆವೆಲ್, ಅಂದರೆ ಕೋನಕ್ಕೆ ತಕ್ಕಂತೆ ತಿರುಗಿಸಿ ಬಿಗಿಯುವ ಅಳತೆಯ ಉಪಕರಣ, ಹಿಡಿದು ಅಳೆದೆ. ಪ್ರತಿ ಸಲ ಬೇರೆಯದೇ ಕೋನ ಬಂದಿತು. ಕಾರಣ ಗಿಲಾವಿನಲ್ಲಿತ್ತು. ಗಿಲಾವು ಮಾಡುವಾಗ ಮೂಲೆಯ ಒಳಗೆ ಗಾರೆ ದಪ್ಪವಾಗಿ ಕೂಡುತ್ತದೆ. ಆರಿಂಚಿನ ಬೆವೆಲ್ ಆ ಉಬ್ಬನ್ನು ಅಳೆಯುತ್ತದೆಯೇ ಹೊರತು ಗೋಡೆಯನ್ನಲ್ಲ. ಹಾಗಾಗಿ ಒಂದೂವರೆ ಅಡಿ ಉದ್ದದ, ಅಂಚು ನೆಟ್ಟಗಿರುವ ಎರಡು ಪ್ಲೈವುಡ್ ತುಂಡುಗಳನ್ನು ತೆಗೆದುಕೊಂಡೆ. ಪಟ್ಟಿ ಕೂರಬೇಕಾದ ಎತ್ತರದಲ್ಲಿಯೇ ಒಂದೊಂದನ್ನು ಒಂದೊಂದು ಗೋಡೆಗೆ ಒತ್ತಿ ಹಿಡಿದು, ಒಂದರ ಮೇಲೊಂದು ಬಂದ ಕಡೆ ಎರಡು ಮೊಳೆ ಹೊಡೆದೆ. ನೆಲದ ಮೇಲೆ ತೆಗೆದ ಕೋನಕ್ಕೂ ಎರಡೂವರೆ ಅಡಿ ಮೇಲಿನ ಕೋನಕ್ಕೂ ಈ ಮನೆಯಲ್ಲಿ ಒಂದು ಡಿಗ್ರಿಯಷ್ಟು ಅಂತರವಿತ್ತು. ಆ ಪ್ಲೈ ಜೋಡಿಯ ಗೋಡೆಗೆ ತಾಗಿದ ಎರಡೂ ಅಂಚುಗಳಗುಂಟ ಒಂದೇ ಅಗಲದ ಪಟ್ಟಿಯ ತುಂಡನ್ನಿಟ್ಟು ಗೆರೆ ಎಳೆದು, ಗೆರೆಗಳು ಕೂಡಿದ ಬಿಂದುವನ್ನು ಮೂಲೆಯ ತುದಿಗೆ ಸೇರಿಸಿದರೆ ಬರುವ ಗೆರೆಯೇ ಕೊಯ್ಯಬೇಕಾದ ಓರೆ. ಅದನ್ನು ಬೆವೆಲ್‌ಗೆ ಎತ್ತಿಕೊಂಡು ನೇರವಾಗಿ ಗರಗಸಕ್ಕೆ ಹೊಂದಿಸಬಹುದು. ಅರ್ಧ ಮಾಡುವ, ಕಳೆಯುವ ಲೆಕ್ಕವೇ ಬೇಡ.

ಆದರೂ ಮಾಸ್ತರರಿಗಾಗಿ ಕೋನಮಾಪಕ ಇಟ್ಟು ಓದಿದೆ. ಒಳಮೂಲೆಗಳು 138 ಮತ್ತು 134, ಹೊರಮೂಲೆಗಳೆರಡೂ 136. ಅವರು ಚೀಟಿಯ ಮೇಲೆ ಪ್ರತಿಯೊಂದನ್ನೂ 180ರಿಂದ ಕಳೆದರು: ಒಳಗಿನವು 42 ಮತ್ತು 46, ಹೊರಗಿನವು 44 ಮತ್ತು 44. ಎರಡೂ ಕಡೆ ಮೊತ್ತ 88. ಚಾಚಿಕೊಂಡ ಭಾಗದ ಅತ್ತಿತ್ತಲಿನ ಗೋಡೆಗಳು ಒಂದೇ ಗೆರೆಯಲ್ಲಿ ಇರುವುದರಿಂದ ಈ ಮೊತ್ತಗಳು ಸಮನಾಗಲೇಬೇಕು, ಆದ್ದರಿಂದ ನಿನ್ನ ಅಳತೆ ಸರಿ ಎಂದು ಅವರೇ ವಿವರಿಸಿದರು. ಈ ತಾಳೆ ನನಗೆ ತಾನಾಗಿ ಹೊಳೆಯುತ್ತಿರಲಿಲ್ಲ. ಅಂದಿನಿಂದ ಇಂಥ ಗೋಡೆಗಳಲ್ಲಿ ತಪ್ಪದೆ ಮಾಡುತ್ತೇನೆ.

ಗರಗಸಕ್ಕೆ ಬೇಕಾದದ್ದು ಆ ಸಂಖ್ಯೆಗಳ ಅರ್ಧ: 21, 23, 22, 22. ಅಲ್ಲಿಯೂ ಒಂದು ಕೈಚಳಕವಿದೆ. ಒಳಮೂಲೆಗೆ ಅರ್ಧ ಡಿಗ್ರಿ ಕಡಿಮೆ, ಹೊರಮೂಲೆಗೆ ಅರ್ಧ ಡಿಗ್ರಿ ಹೆಚ್ಚು ಓರೆ ಕೊಟ್ಟರೆ ಎರಡೂ ಕಡೆ ಕಣ್ಣಿಗೆ ಕಾಣುವ ಮುಂಬದಿಯೇ ಮೊದಲು ಕೂಡುತ್ತದೆ, ಉಳಿಯುವ ಸಂದು ಗೋಡೆಯ ಕಡೆ ಅಡಗುತ್ತದೆ. ಮೊದಲು ರದ್ದಿ ತುಂಡುಗಳಲ್ಲಿ ಕೊಯ್ದು ನಾಲ್ಕೂ ಮೂಲೆಗಳಿಗೆ ಹಿಡಿದು ನೋಡಿದ ಮೇಲೆಯೇ ಸಾಗವಾನಿಯನ್ನು ಮುಟ್ಟಿದೆ. ಇಷ್ಟಾಗಿಯೂ ಒಂದು ಪಟ್ಟಿಯ ಓರೆಯನ್ನು ತಿರುಗುಮುರುಗಾಗಿ ಕೊಯ್ದು ಕೆಡಿಸಿದೆ. ಉದ್ದನೆಯದನ್ನು ಮೊದಲು ಕೊಯ್ಯುವ ರೂಢಿ ಇದ್ದುದರಿಂದ ಅದು ನಡುವಿನ ಗಿಡ್ಡ ತುಂಡಿಗೆ ಬಳಕೆಯಾಯಿತು. ಈಗ ಪ್ರತಿ ಪಟ್ಟಿಯ ಬೆನ್ನಿಗೆ, ಯಾವ ತುದಿ ಯಾವ ಮೂಲೆಗೆ, ಓರೆ ಯಾವ ಕಡೆಗೆ ಎಂದು ಪೆನ್ಸಿಲಿನಿಂದ ಬಾಣ ಬರೆಯುತ್ತೇನೆ.

ಪಡಸಾಲೆಯ ಉಳಿದ ಎರಡು ಮೂಲೆಗಳು ಸಾಧಾರಣ ಲಂಬಕೋನದವು. ಅಲ್ಲಿ ಒಂದು ಪಟ್ಟಿಯನ್ನು ನೇರವಾಗಿ ಗೋಡೆಗೆ ಮುಟ್ಟಿಸಿ, ಇನ್ನೊಂದನ್ನು 45 ಡಿಗ್ರಿಗೆ ಕೊಯ್ದು, ಆಗ ಎದ್ದು ಕಾಣುವ ಅಂಚಿನ ಗುಂಟ ಸಣ್ಣ ಅಲಗಿನ ಗರಗಸದಿಂದ ಹಿಂದಕ್ಕೆ ವಾಲಿಸಿ ಕೆತ್ತಿ ಮೊದಲನೆಯದರ ಮೇಲೆ ಕೂಡಿಸಿದೆ.

ಗೋಡೆ ಮಣ್ಣು ಕಲ್ಲಿನದು, ಮೇಲೆ ಸುಣ್ಣದ ಗಾರೆ. ಪ್ಲಾಸ್ಟಿಕ್ ಪ್ಲಗ್ಗುಗಳು ಹಿಡಿಯಲಿಲ್ಲ. ತೂತು ಕೊರೆದು ಸಾಗವಾನಿಯ ಗೂಟ ಬಡಿದು, ಸ್ಕ್ರೂ ಅವುಗಳಿಗೆ ಬಿಗಿದೆ. ಓರೆ ಮುಖಗಳಿಗೆ ಫೆವಿಕಾಲ್ ಹಚ್ಚುವ ಮೊದಲು ಪಟ್ಟಿಗಳನ್ನು ಹತ್ತು ದಿನ ಅದೇ ಪಡಸಾಲೆಯಲ್ಲಿ ಮಲಗಿಸಿಟ್ಟಿದ್ದೆ. ಆದರೆ ಅವು ಆಷಾಢದ ಹತ್ತು ದಿನಗಳು. ಮುಂದಿನ ಏಪ್ರಿಲ್‌ನಲ್ಲಿ ಮಾಸ್ತರರು ಕರೆದು ತೋರಿಸಿದರು: 138 ಡಿಗ್ರಿಯ ಮೂಲೆಯಲ್ಲಿ ಪಟ್ಟಿ ಆರಿ ಅದರ ದಪ್ಪ ಕುಗ್ಗಿ, ಮುಂಬದಿಯಲ್ಲಿ ಕೂದಲೆಳೆಯಷ್ಟು ಗೆರೆ ಬಿಟ್ಟಿತ್ತು. ಅದೇ ಮರದ ಪುಡಿಯನ್ನು ಮೇಣದಲ್ಲಿ ಕಲಸಿ ಉಗುರಿನಿಂದ ತುಂಬಿ ಬಂದೆ.