ಎಳ್ಳು-ಬೆಲ್ಲದ ಕಿರ್ದಿ ಇಟ್ಟುಕೊಂಡು ಬಿಬಿಎ ಪಾಠ ಮಾಡಿದ್ದು: ನನ್ನ ಅನುಭವ

46ಕ್ಕೆ 41. ಕಾಸ್ಟ್ ಅಕೌಂಟಿಂಗ್‌ನಲ್ಲಿ (ಮಾಲು ತಯಾರಿಸೋಕೆ ಎಷ್ಟು ಬೀಳುತ್ತದೆ ಅನ್ನುವ ಲೆಕ್ಕ) ನಮ್ಮ ಬಿಬಿಎ ಮಕ್ಕಳು ಹೋದ ಸಲ ಪಾಸಾದ ಲೆಕ್ಕ ಇದು. ರಿಸಲ್ಟ್ ಬಂದ ದಿನ ಸ್ಟಾಫ್ ರೂಮಿನಲ್ಲಿ ಯಾರೂ ಏನೂ ಹೇಳಲಿಲ್ಲ. ಒಬ್ಬರು ಮಾತ್ರ ಕಾಫಿ ಕುಡಿಯುತ್ತಾ, 'ಈ ಸಲ ಪೇಪರ್ ಸುಲಭ ಇತ್ತಂತಲ್ಲ' ಎಂದರು. ನಾನು ನಕ್ಕೆ. ಏಳು ವರ್ಷದಿಂದ 'ಲೆಕ್ಕದ ಮೇಷ್ಟ್ರು ಕಾಲೇಜಲ್ಲಿ ಅಂಗಡಿ ಇಟ್ಟಿದ್ದಾರೆ' ಎಂದು ಆಡಿಕೊಂಡವರು ಇಷ್ಟು ಹೇಳಿದ್ದೇ ಜಾಸ್ತಿ.

ತುಮಕೂರು ಜಿಲ್ಲೆಯ ಒಂದು ಊರಿನ ಸಣ್ಣ ಕಾಲೇಜು ನಮ್ಮದು. ನಾನು ಓದುವಾಗ ಈ ಕೋರ್ಸಿಗೆ ಬಿಬಿಎಂ ಅನ್ನುತ್ತಿದ್ದರು, ಆಮೇಲೆ ಬಿಬಿಎ ಆಯಿತು. ಹೆಸರು ಬದಲಾದರೂ ಬೋರ್ಡಿನ ಮೇಲಿನ ಲೆಕ್ಕ ಬದಲಾಗಲಿಲ್ಲ. 'ಎಕ್ಸ್ ಲಿಮಿಟೆಡ್ 10,000 ಯೂನಿಟ್ ತಯಾರಿಸುತ್ತದೆ' ಎಂದು ಬರೆದರೆ ಮಕ್ಕಳೂ ಸುಮ್ನೆ ಬರೆದುಕೊಳ್ಳುತ್ತಿದ್ದರು. ಯೂನಿಟ್ ಅಂದರೆ ಏನು, ಸೋಪೋ ಪೈಪೋ, ಒಬ್ಬರೂ ಕೇಳಿದವರಲ್ಲ. ಹಾಗಾಗಿ 2018ರ ಸಂಕ್ರಾಂತಿಗೆ ಎಳ್ಳು-ಬೆಲ್ಲ ಮಾಡಿ ಮಾರೋಣ ಎಂದೆ. ತಿಪಟೂರಿನ ಕೊಬ್ಬರಿ ಹತ್ತಿರದಲ್ಲೇ ಸಿಗುತ್ತದೆ, ಹಬ್ಬಕ್ಕೆ ಎಲ್ಲರಿಗೂ ಬೇಕು, ಒಂದು ತಿಂಗಳಲ್ಲಿ ವ್ಯಾಪಾರ ಶುರುವಾಗಿ ಮುಗಿಯುತ್ತದೆ. ಇದಕ್ಕಿಂತ ಒಳ್ಳೆ ಅಕೌಂಟಿಂಗ್ ಪೀರಿಯಡ್ ಎಲ್ಲಿ ಸಿಗುತ್ತದೆ?

ಮೊದಲ ವರ್ಷ ನೆಲ ಕಚ್ಚಿದೆವು. 52 ಮಕ್ಕಳು ತಲಾ 200 ರೂಪಾಯಿ ಹಾಕಿದರು, 10,400. ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ ಎಲ್ಲ ಸೇರಿ 45 ಕೆಜಿ, ಹತ್ತಿರ ಹತ್ತಿರ 6,000. ಕವರು, ಸ್ಟಿಕ್ಕರು, ಗ್ಯಾಸು, ಆಟೋ ಎಲ್ಲ ಸೇರಿ ಇನ್ನೊಂದು 1,900. ಮಕ್ಕಳು 7,900ನ್ನು 45ರಿಂದ ಭಾಗಿಸಿ ಕೆಜಿಗೆ 175 ಬೀಳುತ್ತದೆ, 200ಕ್ಕೆ ಮಾರೋಣ ಎಂದರು. ನಾನೂ ಹೂಂ ಅಂದೆ. ಹತ್ತು ವರ್ಷ ಕಾಸ್ಟಿಂಗ್ ಪಾಠ ಮಾಡಿದವನು ನಾನು!

ಬೀಜ ಹುರಿದು ಸಿಪ್ಪೆ ಉಜ್ಜಿದಾಗ ತೂಕ ಇಳಿಯಿತು. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದಾಗ ಇನ್ನಷ್ಟು ಇಳಿಯಿತು. ಬೆಲ್ಲ ಕತ್ತರಿಸುವಾಗ ಪುಡಿಯಾಗಿದ್ದೆಷ್ಟೋ, ಮಕ್ಕಳ ಬಾಯಿಗೆ ಹೋಗಿದ್ದೆಷ್ಟೋ. ಕೊನೆಗೆ ತಕ್ಕಡಿಯಲ್ಲಿ ಕೂತಿದ್ದು 38 ಕೆಜಿ. ಅಂದರೆ ಕೆಜಿಗೆ 208 ಬಿದ್ದ ಮಾಲನ್ನು 200ಕ್ಕೆ ಮಾರುತ್ತಿದ್ದೆವು. ತಯಾರಿಸುವಾಗ ಹೇಗೂ ಆಗುವ ನಷ್ಟಕ್ಕೆ ನಾರ್ಮಲ್ ಲಾಸ್ ಅಂತ ಪ್ರೊಸೆಸ್ ಕಾಸ್ಟಿಂಗ್‌ನಲ್ಲಿ ವರ್ಷ ವರ್ಷ ಬೋರ್ಡಿನ ಮೇಲೆ ಬರೆದಿದ್ದೆ. ಅದು ನೆಲದ ಮೇಲೆ ಕಡಲೆಕಾಯಿ ಸಿಪ್ಪೆಯಾಗಿ ಬಿದ್ದಿದ್ದನ್ನು ನೋಡಿದ್ದು ಆವತ್ತೇ.

ಅಬ್ನಾರ್ಮಲ್ ಲಾಸೂ, ಅಂದರೆ ಆಗಬಾರದ ನಷ್ಟವೂ, ಹಿಂದೆಯೇ ಬಂತು. ಹುರಿದ ಬೀಜ ಆರುವ ಮೊದಲೇ ಬೆಲ್ಲದ ಜೊತೆ ಬೆರೆಸಿ ಕವರಿಗೆ ಸೀಲ್ ಹಾಕಿಬಿಟ್ಟಿದ್ದರು. ಎರಡೇ ದಿನಕ್ಕೆ ಬೆಲ್ಲ ಬೆವರಿ ಕವರಿನ ಒಳಗೆಲ್ಲ ಅಂಟಂಟು. 30 ಪ್ಯಾಕೆಟ್ ವಾಪಸ್ ಬಂದವು. ಒಟ್ಟು 1,800 ರೂಪಾಯಿ ನಷ್ಟ. 200 ರೂಪಾಯಿ ಷೇರು ಹಾಕಿದ್ದ ಮಕ್ಕಳಿಗೆ 165 ವಾಪಸ್ ಕೊಟ್ಟೆವು. ಒಬ್ಬ ಹುಡುಗನ ಅಪ್ಪ ಉಳಿದ 35 ರೂಪಾಯಿ ಕೇಳಿಕೊಂಡು ಕಾಲೇಜಿಗೆ ಬಂದಿದ್ದರು. ಕೊಟ್ಟು ಕಳಿಸಿದೆ. ಷೇರುದಾರನ ಹೊಣೆ ಎಷ್ಟು ಅಂತ ಅವರಿಗೆ ಪಾಠ ಮಾಡುವ ಧೈರ್ಯ ನನಗಿರಲಿಲ್ಲ.

2019ರಲ್ಲಿ ಕಾಲು ಕೆಜಿ ಪ್ಯಾಕೆಟಿಗೆ 70 ರೂಪಾಯಿ ಇಟ್ಟೆವು. 240 ಪ್ಯಾಕೆಟ್ ಖರ್ಚಾದವು. ಲಾಭ ಬಂತು, ಆದರೆ ಕಾಗದದ ಮೇಲೆ ಮಾತ್ರ. 4,200 ರೂಪಾಯಿ ಉದ್ರಿ ನಿಂತಿತ್ತು. ಉದ್ರಿ ಯಾರದ್ದು ಗೊತ್ತಾ? ಬಹುಪಾಲು ನಮ್ಮದೇ ಸ್ಟಾಫ್ ರೂಮಿನದ್ದು. 'ಸಂಬಳ ಆಗಲಿ ಕೊಡ್ತೀನಿ' ಎಂದವರಿಂದ ಯುಗಾದಿವರೆಗೆ ವಸೂಲಾಗಿದ್ದು 2,600. ಡೌಟ್‌ಫುಲ್ ಡೆಟ್ಸ್ (ಬರುತ್ತೋ ಇಲ್ಲವೋ ಅನ್ನುವ ಬಾಕಿ) ಪಟ್ಟಿಯಲ್ಲಿ ತಮ್ಮ ಮೇಷ್ಟ್ರುಗಳ ಹೆಸರು ಬರೆಯುವಾಗ ಮಕ್ಕಳಿಗೆ ಆದ ಖುಷಿ ಇದೆಯಲ್ಲ, ಅದಕ್ಕೆ ಬೆಲೆ ಕಟ್ಟೋಕಾಗಲ್ಲ. ಆಮೇಲಿಂದ ಉದ್ರಿ ಬಂದ್.

ಅದೇ ವರ್ಷ ಇನ್ನೊಂದು ಆಯಿತು. ಯುಪಿಐ ದುಡ್ಡೆಲ್ಲ ಒಬ್ಬ ಹುಡುಗನ ಸ್ವಂತ ಕ್ಯುಆರ್ ಕೋಡಿಗೆ ಬರುತ್ತಿತ್ತು. ಲೆಕ್ಕ ಕೂಡಿದರೆ 1,100 ಕಮ್ಮಿ. ಅವನು ಕದ್ದಿರಲಿಲ್ಲ, ಪಾಪ. ಬೈಕಿಗೆ ಪೆಟ್ರೋಲ್ ಹಾಕಿಸಿದ್ದ, ಮೊಬೈಲ್ ರೀಚಾರ್ಜ್ ಮಾಡಿಸಿದ್ದ. ಅಕೌಂಟಲ್ಲಿ ದುಡ್ಡಿತ್ತು, ತನ್ನದೇ ಅಂದುಕೊಂಡಿದ್ದ. ವ್ಯಾಪಾರದ ದುಡ್ಡು ಬೇರೆ, ಸ್ವಂತ ದುಡ್ಡು ಬೇರೆ ಅನ್ನುವ ಬಿಸಿನೆಸ್ ಎಂಟಿಟಿ ಕಾನ್ಸೆಪ್ಟ್ ಅಂದರೆ ಏನು ಎಂದು ನಾನು ಅದಕ್ಕಿಂತ ಚೆನ್ನಾಗಿ ಯಾವತ್ತೂ ಹೇಳಿಕೊಟ್ಟಿಲ್ಲ. ಈಗ ವ್ಯಾಪಾರಕ್ಕೇ ಬೇರೆ ಖಾತೆ ಇದೆ.

2020ರಲ್ಲಿ 3,000 ಚಿಲ್ಲರೆ ಉಳಿಯಿತು. ಬೀಗಿದೆ. ಆದರೆ ಪರೀಕ್ಷೆಯಲ್ಲಿ ಕಾಸ್ಟಿಂಗ್ ಪಾಸಾದವರು 58 ಪರ್ಸೆಂಟಿನಿಂದ 51ಕ್ಕೆ ಇಳಿದರು. ಪ್ರಿನ್ಸಿಪಾಲರು ಕರೆದು, 'ಎಳ್ಳು ಮಾರೋಕೆ ಬಿಬಿಎ ಬೇಕೇನ್ರೀ?' ಎಂದರು. ಸಿಟ್ಟು ಬಂತು, ಉತ್ತರ ಇರಲಿಲ್ಲ. ಯಾಕೆಂದರೆ ಅವರು ಹೇಳಿದ್ದು ಸರಿ ಇತ್ತು. ವ್ಯಾಪಾರ ಒಂದು ಕಡೆ, ಪಾಠ ಒಂದು ಕಡೆ ನಡೆಯುತ್ತಿತ್ತು. ಮಧ್ಯಾಹ್ನ ಪ್ಯಾಕಿಂಗ್, ಬೆಳಿಗ್ಗೆ ಮತ್ತದೇ ಎಕ್ಸ್ ಲಿಮಿಟೆಡ್. ಎರಡಕ್ಕೂ ಸಂಬಂಧ ಕಟ್ಟಿದವರು ಯಾರೂ ಇರಲಿಲ್ಲ, ನಾನೂ ಸೇರಿ.

ಆಮೇಲೆ ಕೊರೊನಾ. 2022ರಲ್ಲಿ ಮತ್ತೆ ಕೈ ಹಾಕಿದರೆ ಹಬ್ಬದ ಹೊತ್ತಿಗೆ ಸರಿಯಾಗಿ ವೀಕೆಂಡ್ ಕರ್ಫ್ಯೂ. 60 ಕೆಜಿ ಮಾಲು ಕ್ಲಾಸ್ ರೂಮಿನಲ್ಲಿ ಕೂತಿತು. ನೆಂಟರು, ಪಕ್ಕದ ಮನೆಯವರು, ಹಳೇ ವಿದ್ಯಾರ್ಥಿಗಳು ಎಲ್ಲರಿಗೂ ಹಚ್ಚಿದರೂ 5,000 ಕೈಯಿಂದ ಹೋಯಿತು. ಮಕ್ಕಳ ಷೇರು ನಾನೇ ತುಂಬಿಕೊಟ್ಟೆ. ಮನೆಯಲ್ಲಿ ಈ ವಿಷಯ ಗೊತ್ತಾಗಿದ್ದು ಆರು ತಿಂಗಳ ನಂತರ.

2023ರಲ್ಲಿ ಮಾರಾಟ ಮಾಡಲಿಲ್ಲ. ಹಳೇ ಬಿಲ್ಲುಗಳನ್ನೆಲ್ಲ ಹರಡಿಕೊಂಡು ಕೂತೆ. ಅವುಗಳಲ್ಲೇ ಇಡೀ ಸಿಲಬಸ್ ಇತ್ತು. ಸ್ಟೋರ್ಸ್ ಲೆಡ್ಜರ್, ಲೇಬರ್, ಓವರ್‌ಹೆಡ್, ಪ್ರೊಸೆಸ್, ಬ್ರೇಕ್ ಈವನ್ (ಲಾಭವೂ ಇಲ್ಲ ನಷ್ಟವೂ ಇಲ್ಲ ಅನ್ನುವ ಮಟ್ಟ), ಯಾವುದೂ ಹೊರಗಿನಿಂದ ತರಬೇಕಿರಲಿಲ್ಲ. ಹೆರೆದ ಕೊಬ್ಬರಿ ಸಿಪ್ಪೆಯನ್ನು ಚಟ್ನಿಪುಡಿಗೆ ಅಂತ ಹಾಸ್ಟೆಲ್ ಮೆಸ್ಸಿಗೆ ಕೊಟ್ಟಿದ್ದ ಚೀಟಿ ಸಿಕ್ಕಿತು. ಬೈ-ಪ್ರಾಡಕ್ಟ್ ಅದೇ ಅಲ್ವಾ! ಹಾಗಾಗಿ ಕ್ರಮವನ್ನೇ ತಿರುಗಿಸಿದೆ. ಆ ವಾರದ ಬಿಲ್ಲೇ ಆ ವಾರದ ಲೆಕ್ಕ. ಶನಿವಾರ ಎರಡು ಪೀರಿಯಡ್ ಕಿರ್ದಿ, ಅಂದರೆ ದಿನದ ಜಮಾ-ಖರ್ಚಿನ ಪುಸ್ತಕ, ಬಿಚ್ಚಿ ಕೂರುವುದು. ತಮ್ಮ ಲೆಕ್ಕ ತಾಳೆಯಾಗುವವರೆಗೆ ಪಠ್ಯಪುಸ್ತಕದ ಲೆಕ್ಕಕ್ಕೆ ಕೈ ಹಾಕುವ ಹಾಗಿಲ್ಲ. ತಾಳೆಯಾದ ಮೇಲೆ ಹಳೇ ಪ್ರಶ್ನೆಪತ್ರಿಕೆ ಕೊಟ್ಟರೆ ಹುಡುಗರು ತಾವಾಗಿಯೇ 'ಸಾರ್, ಇದು ನಮ್ಮ ಬೀಜದ ಲೆಕ್ಕ' ಎನ್ನುತ್ತಾರೆ.

ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಮೊದಲೇ ಕೊಡಬೇಡಿ. ನಾನು ಕೊಟ್ಟು ಕೆಟ್ಟಿದ್ದೇನೆ. ಒಬ್ಬಳು ಸ್ಯಾಂಪಲ್ ಇನ್‌ವಾಯ್ಸ್ ನೋಡಿಕೊಂಡು ಗಿರಾಕಿಗಳಿಗೆ 5 ಪರ್ಸೆಂಟ್ ಜಿಎಸ್‌ಟಿ ಹಾಕಿ ಬಿಲ್ ಕೊಟ್ಟಿದ್ದಳು. ನಮಗೆ ನೋಂದಣಿಯೇ ಇಲ್ಲ, ಅದು ಬೇಕಾಗುವ 40 ಲಕ್ಷದ ವಹಿವಾಟಿಗೂ ನಮಗೂ ಎಲ್ಲಿಂದೆಲ್ಲಿಗೆ! ಹತ್ತು ಮನೆಗೆ ಓಡಾಡಿ ಮೂರು ಮೂರೂವರೆ ರೂಪಾಯಿ ವಾಪಸ್ ಕೊಟ್ಟು ಬಂದೆವು. ಈಗ ಮೊದಲು ಕೈಬರಹ. ಮಂಡಿಯಲ್ಲಿ ನಲವತ್ತು ವರ್ಷ ಲೆಕ್ಕ ಬರೆದು ನಿವೃತ್ತರಾದ ಗುಮಾಸ್ತರೊಬ್ಬರನ್ನು ಎರಡು ದಿನ ಕರೆಸುತ್ತೇನೆ. ಕೆಂಪು ಬಟ್ಟೆಯ ಉದ್ದನೆ ಪುಸ್ತಕ ಮಡಿಲಲ್ಲಿಟ್ಟುಕೊಂಡು ಬಲಗಡೆ ಖರ್ಚು, ಎಡಗಡೆ ಜಮಾ, ದಿನದ ಕೊನೆಗೆ ಉಳಿದ ನಗದು, ಅದೇ ಶಿಲ್ಕು. ಶಿಲ್ಕು ಕೈಲಿರುವ ದುಡ್ಡಿಗೆ ಹೊಂದದಿದ್ದರೆ ಮನೆಗೆ ಹೋಗಬಾರದು, ಅಷ್ಟೇ ಅವರ ಪಾಠ. ಒಂದು ಸಂಜೆ ನಾಲ್ಕು ರೂಪಾಯಿಗೆ ಏಳು ಗಂಟೆವರೆಗೆ ಕೂರಿಸಿದ್ದರು.

ಖರೀದಿ ಕಥೆ ಹೇಳಲೇಬೇಕು. 2024ರ ಬ್ಯಾಚಿನಲ್ಲಿ ಹಿಂದಿನ ಬೆಂಚಿನ ಒಬ್ಬ ಹುಡುಗನಿದ್ದ. ಇಂಟರ್ನಲ್‌ನಲ್ಲಿ 40ಕ್ಕೆ 13. ಬಾಯಿ ಬಿಟ್ಟವನಲ್ಲ. ಕೊಬ್ಬರಿ ತರಲು ಹೋದಾಗ ಅವನೂ ಆಟೋ ಹತ್ತಿದ. ಅಂಗಡಿಯವನು ಚೀಲದ ಮೇಲಿನ ಒಳ್ಳೆ ಗಿಟುಕು ತೋರಿಸುತ್ತಿದ್ದ. ಇವನು ಮಾತಾಡದೆ ಚೀಲದ ತಳಕ್ಕೆ ಕೈ ಹಾಕಿ ಒಂದನ್ನು ಎಳೆದು, ಹೆಬ್ಬೆರಳಿನಿಂದ ಅದುಮಿದ, ಮೂಸಿದ, ನೆಲಕ್ಕೆ ತಟ್ಟಿ ಸದ್ದು ಕೇಳಿದ. 'ಇದು ಪೂರಾ ಒಣಗಿಲ್ಲ ಸಾರ್, ಹದಿನೈದು ದಿನಕ್ಕೆ ಜಿಡ್ಡು ವಾಸನೆ ಬರುತ್ತೆ' ಎಂದ. ಅವರ ಮನೆ ಅಟ್ಟದ ಮೇಲೆ ಕಾಯಿ ಹಾಕಿ ತಿಂಗಳುಗಟ್ಟಲೆ ಕಾಯುವವರು. ಕಾಯಿ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗುಡುಗುಡು ಅನ್ನಬೇಕು, ಆಗಲೇ ಒಡೆಯುವುದು. ಹಿಂದಿನ ವರ್ಷ ಬೆಲೆ ಕ್ವಿಂಟಲ್‌ಗೆ 8 ಸಾವಿರದ ಆಸುಪಾಸಿಗೆ ಬಿದ್ದಿತ್ತು, ಬೆಂಬಲ ಬೆಲೆ 11,750 ಇತ್ತು. ಅವರಪ್ಪ ಬೆಂಬಲ ಬೆಲೆಗೆ ಕೊಳ್ಳುವ ಸಹಕಾರಿ ಸಂಸ್ಥೆ ನಾಫೆಡ್‌ನ ಕ್ಯೂನಲ್ಲಿ ನಿಂತಿದ್ದನ್ನೆಲ್ಲ ಅವನು ಕ್ಲಾಸಿನಲ್ಲಿ ಎದ್ದು ನಿಂತು ಹೇಳಿದ. ಡಿಮ್ಯಾಂಡ್-ಸಪ್ಲೈ ಮೇಲೆ ನಾನು ತಯಾರಿಸಿಕೊಂಡಿದ್ದ ಸ್ಲೈಡುಗಳನ್ನು ಆವತ್ತು ಹಾಕಲಿಲ್ಲ. ಅವನನ್ನೇ ಖರೀದಿ ಮ್ಯಾನೇಜರ್ ಮಾಡಿದೆವು. ಅವನು ಆ ಸಲ ಕಾಸ್ಟಿಂಗ್‌ನಲ್ಲಿ ಅರವತ್ತರ ಮೇಲೆ ತೆಗೆದ.

ಎಚ್‌ಆರ್ (ಕೆಲಸಗಾರರ ನಿರ್ವಹಣೆ) ಪಾಠ ನನ್ನ ಯೋಜನೆಯಲ್ಲೇ ಇರಲಿಲ್ಲ, ತಾನೇ ಬಂತು. ಅಡಕತ್ತರಿಯಲ್ಲಿ ಬೆಲ್ಲ, ಕೊಬ್ಬರಿ ಕತ್ತರಿಸುವವರ ಬೆರಳಲ್ಲಿ ಬೊಬ್ಬೆ, ಮಾರುವವರು ಊರು ಸುತ್ತಿಕೊಂಡು ಬೈಟು ಕಾಫಿ ಕುಡಿಯುವುದು. ಕತ್ತರಿಸುವವರು ಸ್ಟ್ರೈಕ್ ಮಾಡಿದರು. ಕೆಜಿಗೆ ಇಷ್ಟು ಎಂದು ಪೀಸ್ ರೇಟ್ ಕೊಟ್ಟೆವು. ಮರುದಿನದಿಂದ ಕೊಬ್ಬರಿ ಚೂರು ಬಳಪದ ತುಂಡಿನಷ್ಟು ದಪ್ಪ! ಗಂಟೆ ಲೆಕ್ಕ ಮಾಡಿದರೆ ಕೆಲಸವೇ ಸಾಗಲಿಲ್ಲ. ಕೊನೆಗೆ ಎರಡನ್ನೂ ಬೆರೆಸಿ ಒಂದು ಪದ್ಧತಿ ಮಾಡಿದ್ದೇವೆ. ಅದನ್ನು ಇಲ್ಲಿ ಬಿಡಿಸಿ ಹೇಳಲ್ಲ. ಬೆಲ್ಲ ಬೆವರದ ಹಾಗೆ ಏನು ಮಾಡುತ್ತೇವೆ ಅನ್ನುವುದನ್ನೂ ಹೇಳಲ್ಲ, ಅದು ಮೂರನೇ ಸೆಮಿಸ್ಟರಿನವರ ಆಸ್ತಿ. ಬೀಜ ಪೂರ್ತಿ ಆರಬೇಕು ಅನ್ನುವುದು ಅರ್ಧ ಗುಟ್ಟು ಮಾತ್ರ.

ಲೇಬಲ್ ವಿಷಯದಲ್ಲಿ ಮಾತ್ರ ನಮ್ಮ ಹಾಗೆ ಪೆಟ್ಟು ತಿನ್ನಬೇಡಿ. ತೂಕ, ಪ್ಯಾಕ್ ಮಾಡಿದ ದಿನ, ಎಂಆರ್‌ಪಿ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ ಪ್ರಾಧಿಕಾರ) ನಂಬರ್ ಇಲ್ಲ ಎಂದು ಅಂಗಡಿಯವರೊಬ್ಬರು ಮಾಲು ವಾಪಸ್ ಕೊಟ್ಟರು. ಸಣ್ಣ ವ್ಯಾಪಾರದ ನೋಂದಣಿಗೆ ನಾವು ಕಟ್ಟಿದ್ದು ವರ್ಷಕ್ಕೆ 100 ರೂಪಾಯಿ. ಅಷ್ಟಕ್ಕೆ ಜಿಪುಣತನ ಮಾಡಿ ಮೂರು ಸಾವಿರದ ಆರ್ಡರ್ ಕಳೆದುಕೊಂಡಿದ್ದೆವು.

ಮಧ್ಯೆ ಒಂದು ಹುಚ್ಚು ಪ್ರಯೋಗ. ಎಳ್ಳು-ಬೆಲ್ಲ ಗೆದ್ದ ಹುಮ್ಮಸ್ಸಿನಲ್ಲಿ 2024ರ ಬ್ಯಾಚು ರಾಮನವಮಿಗೆ ಪಾನಕ, ಮಜ್ಜಿಗೆ ಮಾರಲು ಹೊರಟಿತು. ಗ್ಲಾಸಿಗೆ 15 ರೂಪಾಯಿ. ಕಾಸ್ಟ್ ಶೀಟ್ ಅಚ್ಚುಕಟ್ಟು, ಬ್ರೇಕ್ ಈವನ್ 90 ಗ್ಲಾಸ್. ಮಾರಾಟವಾಗಿದ್ದು ಹನ್ನೊಂದೋ ಹನ್ನೆರಡೋ. ರಾಮನವಮಿ ದಿನ ಬೀದಿಗೊಂದು ಪೆಂಡಾಲ್ ಹಾಕಿ ಪುಕ್ಕಟೆ ಪಾನಕ ಹಂಚುತ್ತಾರೆ ಅನ್ನುವುದು 44 ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನನಗೆ ಹೊಳೆದಿತ್ತು. ಸುಮ್ಮನಿದ್ದೆ. ನಷ್ಟ 700 ಚಿಲ್ಲರೆ, ಮಾರ್ಕೆಟ್ ರಿಸರ್ಚ್ ಪಾಠಕ್ಕೆ ಅಗ್ಗವೇ.

ಈಗಿನ ಲೆಕ್ಕ, ನೆನಪಿದ್ದಷ್ಟು ಹೇಳುತ್ತೇನೆ. 2024ರಲ್ಲಿ 44 ಮಕ್ಕಳು, ಷೇರು 500. 110 ಕೆಜಿ, ಪ್ಯಾಕೆಟಿಗೆ 90, ಉಳಿದದ್ದು 9,000ದ ಹತ್ತಿರ. ಪಾಸು 38. 2025ರಲ್ಲಿ ಕೊಬ್ಬರಿ ಬೆಲೆ ಏರಿತ್ತು, ಪ್ಯಾಕೆಟಿಗೆ 100 ಮಾಡಿದೆವು. ಗಿರಾಕಿ ಬಿಡಲಿಲ್ಲ. 160 ಕೆಜಿ, 64,000 ವ್ಯಾಪಾರ, 15,000 ಲಾಭ. ಬಂಡವಾಳ 23,000 ಮಾತ್ರ ಇದ್ದರೂ ಅಂಗಡಿಗಳಿಂದ ಮುಂಗಡ ಇಸಿದುಕೊಂಡು ತಳ್ಳಿದರು. ವರ್ಕಿಂಗ್ ಕ್ಯಾಪಿಟಲ್ (ದಿನದ ವ್ಯಾಪಾರ ನಡೆಸುವ ದುಡ್ಡು) ಬಗ್ಗೆ ನಾನು ಬೇರೆ ಪಾಠ ಮಾಡಲೇ ಇಲ್ಲ. 500ಕ್ಕೆ 250 ಡಿವಿಡೆಂಡ್ ಕೊಟ್ಟು, ಮಿಕ್ಕಿದ್ದನ್ನು ಮುಂದಿನ ಬ್ಯಾಚಿಗೆ ರಿಸರ್ವ್ ಇಟ್ಟರು. ಆ 35 ರೂಪಾಯಿ ಅಪ್ಪ ಈಗ ಸಿಕ್ಕಿದ್ದರೆ ಚೆನ್ನಾಗಿತ್ತು.

ಸಿಲಬಸ್ ಹೇಗೆ ಹೊಂದಿಸುತ್ತೀರಿ ಎಂದು ಬೇರೆ ಕಾಲೇಜಿನವರು ಕೇಳುತ್ತಾರೆ. ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ), ನಾಲ್ಕು ವರ್ಷದ ಪದವಿ ಬಂತು, 2024-25ರಲ್ಲಿ ಮತ್ತೆ ಮೂರು ವರ್ಷದ ಪದವಿಗೇ ಬಂದೆವು, ಅದೇ ವರ್ಷ ಬಿಬಿಎ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಕೆಳಗೂ ಹೋಯಿತು. ಪ್ರಿನ್ಸಿಪಾಲರು ಪೋರ್ಟಲ್ಲಿಗೆ ದಾಖಲೆ ಹಾಕುತ್ತಾ ಕೂತಿದ್ದಾಗ 'ಪ್ರಾಯೋಗಿಕ ಕಲಿಕೆ' ಅನ್ನುವ ಕಡೆ ನಮ್ಮ ಎಳ್ಳು-ಬೆಲ್ಲದ ಫೋಟೋ ಕೇಳಿ ಕಳಿಸಿದರು. ನಾಲ್ಕು ಕಳಿಸಿದೆ. ಅಂಕ ಎಷ್ಟಕ್ಕೆ ಎಷ್ಟಾದರೂ ಕಿರ್ದಿಗೆ ವ್ಯತ್ಯಾಸವಿಲ್ಲ.

ಈ ಬ್ಯಾಚಿಗೆ ಹೊಸ ತಲೆನೋವು. ಕೊಬ್ಬರಿ ಕ್ವಿಂಟಲ್‌ಗೆ 20 ಸಾವಿರ ದಾಟಿ ನಿಂತಿದ್ದನ್ನು ನೋಡಿ, ಅರ್ಧ ಮಕ್ಕಳು ಕೊಬ್ಬರಿ ಕಮ್ಮಿ ಮಾಡಿ ಹುರಿಗಡಲೆ ಜಾಸ್ತಿ ಹಾಕೋಣ ಅನ್ನುತ್ತಿದ್ದಾರೆ. ಇನ್ನರ್ಧ, 'ನಮ್ಮೂರಲ್ಲಿ ಕೊಬ್ಬರಿ ಇಲ್ಲದ ಎಳ್ಳು-ಬೆಲ್ಲ ಮಾರಿದರೆ ಮುಖ ಎತ್ತಿಕೊಂಡು ಓಡಾಡೋದು ಹೇಗೆ' ಅನ್ನುತ್ತಿದ್ದಾರೆ. ಎರಡೂ ಕಡೆಯವರು ಕಾಸ್ಟ್ ಶೀಟ್ ಹಿಡಿದುಕೊಂಡೇ ಜಗಳ ಆಡುತ್ತಿದ್ದಾರೆ. ಶನಿವಾರ ಮತ ಹಾಕುತ್ತಾರೆ. ನನ್ನದೂ 500 ರೂಪಾಯಿ ಷೇರು ಇದೆ, ಓಟು ಒಂದೇ. ಯಾವ ಕಡೆಗೆ ಅಂತ ಇನ್ನೂ ತೀರ್ಮಾನ ಮಾಡಿಲ್ಲ.