ಲಾಗಿನ್ ಆಗುತ್ತದೆ, ಫೈಲ್ ಪಟ್ಟಿ ಮಾತ್ರ ಬರುವುದಿಲ್ಲ

ಊರಲ್ಲಿರುವ ತಮ್ಮ, ಮದುವೆ ಫೋಟೊ ಇಳಿಸಿಕೊಳ್ಳಲಿ ಅಂತ ಮನೆಯ ಹಳೇ ಕಂಪ್ಯೂಟರ್‌ನಲ್ಲಿ ಫೈಲ್‌ಜಿಲ್ಲಾ ಸರ್ವರ್ (ಎಫ್‌ಟಿಪಿ, ಅಂದರೆ ನೆಟ್‌ನಲ್ಲಿ ಫೈಲ್ ಕಳಿಸುವ ಪದ್ಧತಿಯ ಸಾಫ್ಟ್‌ವೇರ್) ಹಾಕಿ, ವೈಫೈ ರೂಟರ್‌ನಲ್ಲಿ 21ನೇ ಪೋರ್ಟ್ ಫಾರ್ವರ್ಡ್ ಮಾಡಿದ್ದೆ, ಅಂದರೆ ಹೊರಗಿಂದ ಆ ಬಾಗಿಲಿಗೆ ಬಂದದ್ದನ್ನು ಈ ಕಂಪ್ಯೂಟರ್‌ಗೆ ಕಳಿಸು ಅಂತ ಹೇಳಿದ್ದೆ. ಅವನ ಮೊಬೈಲ್ ಆ್ಯಪ್‌ನಲ್ಲಿ ಲಾಗಿನ್ ಆಗುತ್ತಿತ್ತು. ಫೋಲ್ಡರ್ ಪಟ್ಟಿ ಬರುವ ಹೊತ್ತಿಗೆ ಟೈಮ್‌ಔಟ್. ಫೈರ್‌ವಾಲ್ ಆಫ್ ಮಾಡಿ, ಆನ್ ಮಾಡಿ ಎರಡು ಸಂಜೆ ಸುಮ್ನೆ ಹಾಳಾದವು.

ಲಾಗ್ ಓದಿದಾಗ ಗೊತ್ತಾಯಿತು. ಎಫ್‌ಟಿಪಿಗೆ ಎರಡು ಕನೆಕ್ಷನ್ ಬೇಕು ಅಲ್ವಾ, 21ರಲ್ಲಿ ನಡೆಯುವುದು ಬರೀ ಮಾತುಕತೆ, ಪಟ್ಟಿ ಮತ್ತು ಫೈಲ್ ಬರುವುದು ಇನ್ನೊಂದರಲ್ಲಿ. ಪ್ಯಾಸಿವ್ ಮೋಡ್‌ನಲ್ಲಿ ಆ ಇನ್ನೊಂದಕ್ಕೆ ಯಾವ ವಿಳಾಸ, ಯಾವ ಪೋರ್ಟಿಗೆ ಬರಬೇಕು ಅಂತ ಸರ್ವರ್ರೇ ಹೇಳುತ್ತದೆ. ನನ್ನದು 192.168.1.7 ಅನ್ನುತ್ತಿತ್ತು! ಅದು ಮನೆಯೊಳಗಿನ ವಿಳಾಸ, ಊರಿಂದ ಹುಡುಕಿದರೆ ಎಲ್ಲಿ ಸಿಗಬೇಕು. ಟಿಎಲ್‌ಎಸ್ (ಮಾತುಕತೆಯನ್ನು ಗೂಢಲಿಪಿ ಮಾಡುವ ರಕ್ಷಣೆ) ಹಾಕಿದ್ದರಿಂದ ರೂಟರ್ ಆ ಮಾತನ್ನು ಓದಿ ತಿದ್ದಲೂ ಆಗುವುದಿಲ್ಲ.

ಸರ್ವರ್‌ನ ಪ್ಯಾಸಿವ್ ಸೆಟ್ಟಿಂಗ್‌ನಲ್ಲಿ ಹೊರಗಿನ ಐಪಿ ವಿಳಾಸ ಕೊಟ್ಟೆ. ಪೋರ್ಟ್‌ಗಳನ್ನು 50000ದಿಂದ 50050ರೊಳಗೆ ಕಟ್ಟಿಹಾಕಿ, ಅಷ್ಟನ್ನೂ ರೂಟರ್‌ನಲ್ಲಿ ಫಾರ್ವರ್ಡ್ ಮಾಡಿ, ವಿಂಡೋಸ್ ಫೈರ್‌ವಾಲ್‌ನಲ್ಲೂ ತೆರೆದೆ. ಕಂಪ್ಯೂಟರ್ ವಿಳಾಸ ಬದಲಾಗದ ಹಾಗೆ ರೂಟರ್‌ನ ಡಿಎಚ್‌ಸಿಪಿಯಲ್ಲಿ (ಮನೆಯೊಳಗಿನ ವಿಳಾಸ ಹಂಚುವ ಭಾಗ) ಕಾಯ್ದಿರಿಸಿದೆ.

ಇನ್ನೊಂದು ಮಾತು, ಮನೆಯ ವೈಫೈನಿಂದಲೇ ಪರೀಕ್ಷೆ ಮಾಡಬೇಡಿ. ಹೊರಗಿನ ವಿಳಾಸಕ್ಕೆ ಒಳಗಿಂದ ಹೋಗಲು ಎಷ್ಟೋ ರೂಟರ್‌ಗಳು ಬಿಡುವುದಿಲ್ಲ, ಮೊಬೈಲ್ ಡೇಟಾ ಹಾಕಿ ನೋಡಿ. ರೂಟರ್ ಪುಟದಲ್ಲಿ ವ್ಯಾನ್ ಐಪಿ (ರೂಟರ್‌ಗೆ ಹೊರಗಿನಿಂದ ಸಿಕ್ಕ ವಿಳಾಸ) 100.64ರಿಂದ 100.127ರೊಳಗೆ ಶುರುವಾದರೆ ಈ ಯಾವ ಸರ್ಕಸ್ಸೂ ನಡೆಯುವುದಿಲ್ಲ, ಇಂಟರ್ನೆಟ್ ಕೊಡುವವರ ಹತ್ತಿರ ಪಬ್ಲಿಕ್ ಐಪಿ, ಅಂದರೆ ಹೊರಗಿಂದ ನೇರ ತಲುಪಬಹುದಾದ ವಿಳಾಸ, ಕೇಳಬೇಕು. ನನಗೆ ಅದೃಷ್ಟಕ್ಕೆ ಇತ್ತು. ರಾತ್ರಿ ಹತ್ತಕ್ಕೆ ತಮ್ಮ ಫೋನ್ ಮಾಡಿ, "ಅಣ್ಣಾ, ಬರ್ತಾ ಇದೆ" ಅಂದ.